ಒಂದೇ ಪದ ಸಾಕು

ವಾಶಿಗೆ ಹೋಗುವ ಗಾಡಿ ಬರುತ್ತಿದೆಯೆಂದು ಹೆಣ್ಣುಧ್ವನಿಯೊಂದು ಮರಾಠಿಯಲ್ಲಿ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಹೇಳಿ ಮುಗಿಸಿತು. ಆ ಧ್ವನಿಯ ಒಡತಿ ಈ ಹೊತ್ತಿಗೆ ಯಾವ ಅಡುಗೆಮನೆಯಲ್ಲಿ ಸೊಪ್ಪು ಸೋಸುತ್ತಿರಬಹುದು, ಠಾಣೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು ತನ್ನ ಧ್ವನಿ ಯಾರು ಯಾರಿಗೆ ಏನೇನು ಹೇಳುತ್ತಿದೆಯೆಂಬ ಅರಿವು ಅವಳಿಗೆ ಇದೆಯೇ ಎಂದು ವಾರಿಜಾ ಯೋಚಿಸಿದಳು. ಒಮ್ಮೆ ಹೇಳಿಕೊಟ್ಟು ಬಂದರೆ ಮುಗಿಯಿತು. ಆಮೇಲೆ ಗಾಡಿ ತಡವಾದರೂ, ಬರದೇ ಹೋದರೂ ಸುಳ್ಳು ಹೇಳಿದವಳು ಅವಳೇ. ಕಳೆದ ವಾರದವರೆಗೆ ವಾರಿಜಾಗೆ ಇಂಥ ಯೋಚನೆ ಬಂದಿರಲಿಲ್ಲ. ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ಅವಳು. ತನ್ನ ಧ್ವನಿ ತನ್ನ ಮೈಯಿರುವಲ್ಲಿ ಮಾತ್ರ ಇರುತ್ತದೆ, ಅದು ಆಡಿದ್ದಕ್ಕೆಲ್ಲ ತಾನು ಎದುರು ನಿಂತು ಉತ್ತರ ಕೊಡಬಲ್ಲೆ ಎಂದೇ ನಂಬಿ ಬದುಕಿದವಳು. ಹೆಂಗಸರ ಡಬ್ಬಿಯಲ್ಲಿ ಮೂವರು ಕೂರುವ ಸೀಟಿನ ತುದಿಗೆ ನಾಲ್ಕನೆಯವಳಾಗಿ ಅಂಟಿಕೊಂಡು, ಸಾನಪಾಡಾ ತಲಪಿದ ಮೇಲೆ ಆಡಬೇಕಾದ ವಾಕ್ಯಗಳನ್ನು ಅವಳು ಮನಸ್ಸಿನಲ್ಲಿ ತಿದ್ದತೊಡಗಿದಳು. ಕಲಿಯಲು ಬಂದವರಿಗೆ ಸುಳ್ಳು ಹೇಳುವುದು ಅನ್ಯಾಯ. ಅಲ್ಲ, ಪಾಪ. ಅಲ್ಲ, ಅನ್ಯಾಯವೇ ಸಾಕು; ಪಾಪವೆಂದರೆ ಆ ಹುಡುಗರು ನಗುತ್ತಾರೆ. ಐರೋಲಿಯಲ್ಲಿ ಹತ್ತಿದ ಹುಡುಗಿಯೊಬ್ಬಳು ಬೆನ್ನಿನ ಚೀಲವನ್ನು ಎದೆಗೆ ತಿರುಗಿಸಿಕೊಂಡು, "ಆಂಟಿ, ಜರಾ ಸರಕೋ ನಾ," ಎಂದಳು. ಸರಿಯಲು ಜಾಗವಿರಲಿಲ್ಲ. ಆದರೂ ವಾರಿಜಾ ಸರಿದಳು. ಅರ್ಧ ಮೈ ಸೀಟಿನಿಂದ ಹೊರಗಾಯಿತು.

ತಂಗಿ ಸುಗುಣಾಳ ಮಗಳು ಮಾನಸಿ ಸಾನಪಾಡಾದ ಕಾಲೇಜೊಂದರಲ್ಲಿ ವಿನ್ಯಾಸ ಕಲಿಯುತ್ತಿದ್ದಾಳೆ. ಡೊಂಬಿವಿಲಿಯಲ್ಲಿ ಹುಟ್ಟಿ ಬೆಳೆದವಳು. ಮನೆಯಲ್ಲಿ ತುಳು, ಬೀದಿಯಲ್ಲಿ ಮರಾಠಿ, ಗೆಳೆಯರ ಜೊತೆ ಹಿಂದಿ; ಕನ್ನಡವನ್ನು ಅವಳು ದೊಡ್ಡಮ್ಮನಿಗಾಗಿ ಮಾತ್ರ, ಹಬ್ಬಕ್ಕೆ ತೆಗೆಯುವ ಬೆಳ್ಳಿ ಲೋಟದಂತೆ, ಆಗಾಗ ಹೊರಗೆ ತೆಗೆಯುತ್ತಾಳೆ. ಓದು ಬಾರದವರಿಗೂ ಟಿಕೆಟು ಕೊಡುವ, ಕನ್ನಡದಲ್ಲಿ ಮಾತಾಡುವ ಯಂತ್ರವೊಂದನ್ನು ಅವಳೂ ಹಿತೇಶ್ ಎಂಬ ಸಹಪಾಠಿಯೂ ಸೇರಿ ರೂಪಿಸುತ್ತಿದ್ದಾರೆಂದು ತಿಳಿದಾಗ ವಾರಿಜಾಗೆ ಕಣ್ಣು ತುಂಬಿ ಬಂದಿತ್ತು. ಬಳಸುವವರನ್ನು ನಡುವೆ ಕೂರಿಸಿಕೊಂಡು, ಅವರನ್ನು ಕೇಳಿ ಕೇಳಿ ವಸ್ತುವನ್ನು ಮಾಡುವುದು ಅವರ ವಿದ್ಯೆಯಂತೆ. ಜೊತೆಗೆ ಈ ವರ್ಷ ಮನಶ್ಶಾಸ್ತ್ರದ ಒಂದು ಪ್ರಯೋಗವನ್ನೂ ಅದರೊಳಗೆ ಸೇರಿಸಬೇಕಂತೆ: ಮನಸ್ಸು ಹೇಗೆ ಕಲಿಯುತ್ತದೆ, ಯಾವಾಗ ಕೈಚೆಲ್ಲುತ್ತದೆ ಎಂದು ನೋಡುವ ಪ್ರಯೋಗ. ಆ ಎರಡನೆಯ ಮಾತಿಗೆ ಅವಳು ಆಗ ಕಿವಿಗೊಡಲಿಲ್ಲ. ಠಾಣೆಯ ವರ್ತಕ ನಗರದ ತನ್ನ ಮನೆಯ ಕಿಟಕಿಗಳನ್ನೆಲ್ಲ ಮುಚ್ಚಿ, ಸದ್ದಾಗುತ್ತದೆಂದು ಫ್ಯಾನನ್ನೂ ಆರಿಸಿ, ಬೆವರು ಬೆನ್ನಿನಲ್ಲಿ ಹರಿಯುತ್ತಿದ್ದರೂ ಪ್ರಾರ್ಥನೆಗೆ ನಿಂತವಳಂತೆ ನೆಟ್ಟಗೆ ಕುಳಿತು ಧ್ವನಿ ಕೊಟ್ಟಿದ್ದಳು. "ಇದು ಯಂತ್ರಕ್ಕೆ ಪರೀಕ್ಷೆ, ನಿಮಗಲ್ಲ." ಮೊದಲ ವಾಕ್ಯವೇ ಅದು. ಅವರ ಪುಸ್ತಕದಲ್ಲಿ ಬರೆದಿರುವ ನಿಯಮವಂತೆ, ಯಾರನ್ನು ಕರೆತಂದರೂ ಮೊದಲು ಹೀಗೆ ಹೇಳಿ ಧೈರ್ಯ ತುಂಬಬೇಕು. ಎಂಥ ವಾಕ್ಯ ಎಂದುಕೊಂಡಿದ್ದಳು ವಾರಿಜಾ. ತಾನು ಪಾಠ ಹೇಳಿದ ಯಾವ ತರಗತಿಯಲ್ಲೂ ಯಾವ ಮಗುವಿಗೂ ಯಾರೂ ಆಡದ ವಾಕ್ಯ. ಪುಸ್ತಕಕ್ಕೆ ಪರೀಕ್ಷೆ, ನಿನಗಲ್ಲ; ಪಾಠ ಹೇಳುವವಳಿಗೆ ಪರೀಕ್ಷೆ, ನಿನಗಲ್ಲ.

"ದೊಡ್ಡಮ್ಮ, ಈಗ ಅವರು ಕರೆಕ್ಟ್ ಒತ್ತಿದ್ರೆ ಏನು ಹೇಳೋದು? ಬರೋಬರ್ ಅನ್ನೋಣ?" ಎಂದು ಮಾನಸಿ ಕೇಳಿದ್ದಳು. "ಕಲ್ಯಾಣ್‌ನಲ್ಲಿ ಸಬ್ ಲೋಗ್ ಅದೇ ಹೇಳ್ತಾರೆ."

"ಅದು ಕನ್ನಡವಲ್ಲ."

"ಚಲ್ತಾ ಹೈ ನಾ."

"ನಿನಗೆ ನಡೆಯುತ್ತದೆ. ನನ್ನ ಬಾಯಲ್ಲಿ ಬರುವುದಿಲ್ಲ."

ಹಿತೇಶ್ ಇಂಗ್ಲಿಷ್ ಅಕ್ಷರಗಳಲ್ಲಿ ಬರೆದುಕೊಂಡಿದ್ದ ಕನ್ನಡವನ್ನು ಎಡವುತ್ತ ಓದಿದ್ದ: "ನೀವು ಒತ್ತಿದ್ದು ಸರಿಯಾಗಿದೆ, ದಯವಿಟ್ಟು ಮುಂದುವರಿಯಿರಿ. ಐಸಾ ಚಲೇಗಾ, ಆಂಟಿ?"

"ಅಷ್ಟುದ್ದ ಯಾಕೆ? ಒಂದೇ ಪದ ಸಾಕು. ಸರಿ. ತಪ್ಪು. ಈ ಎರಡು ಸ್ಪಷ್ಟವಾಗಿ ಕೇಳಿಸಿದರೆ ಉಳಿದದ್ದನ್ನು ಮನುಷ್ಯ ತಾನೇ ಮಾಡಿಕೊಳ್ಳುತ್ತಾನೆ."

ಹಿತೇಶ್ ತಲೆಯಾಡಿಸಿ ಗುಂಡಿಯೊತ್ತಿದ್ದ. "ಸರಿ," ಎಂದಿದ್ದಳು ಅವಳು, ಕಪ್ಪುಹಲಗೆಯ ಮುಂದೆ ನಿಂತವಳ ಹಾಗೆ, ರಿ ಎಂಬುದನ್ನು ಎಳೆಯದೆ, ಮುರಿದ ಸೀಮೆಸುಣ್ಣದಂತೆ ಚುರುಕಾಗಿ. ಆಮೇಲೆ "ತಪ್ಪು". "ಮಸ್ತ್, ದೊಡ್ಡಮ್ಮ. ಒಂದೇ ಟೇಕ್‌ನಲ್ಲಿ ಓಕೆ," ಎಂದು ಮಾನಸಿ ಅವಳ ಬೆವರಿದ ಕೆನ್ನೆಗೆ ಮುತ್ತು ಕೊಟ್ಟಿದ್ದಳು. ಆ ಸಂಜೆಯೆಲ್ಲ ವಾರಿಜಾ ಮನೆಯೊಳಗೆ ಹಗುರಾಗಿ ಓಡಾಡಿದ್ದಳು. ತಾನು ದುಡಿದ ಶಾಲೆಯಲ್ಲಿ ಈಗ ಕನ್ನಡದ ತರಗತಿಗಳೇ ಇಲ್ಲ. ಆದರೆ ಕಲ್ಯಾಣದ ಸ್ಟೇಷನ್ನಿನಲ್ಲಿ ಒಂದು ದಿನ ಕನ್ನಡ ಕೇಳಿಸುತ್ತದೆ, ಅದು ನನ್ನ ಕನ್ನಡ.

ಯಂತ್ರವನ್ನು ಬಳಸಿ ನೋಡಲು ಜನ ಬೇಕೆಂದು ಹುಡುಗರು ಕೇಳಿದಾಗ ಚಂದ್ರಬಾಯಿಯ ಹೆಸರು ಹೇಳಿದವಳೂ ಅವಳೇ. ಚಂದ್ರಬಾಯಿ ಕಲಬುರಗಿ ಕಡೆಯವಳು. ಗಂಡ ಹಣಮಂತ್ರಾಯ ಕಲ್ಯಾಣದ ಗೋದಾಮಿನಲ್ಲಿ ಮೂಟೆ ಹೊರುತ್ತಾನೆ, ಅವಳು ಬೆಳಗಿನ ಗಾಡಿ ಹಿಡಿದು ಬಂದು ವಾರಿಜಾಳ ಸೊಸೈಟಿಯ ಮೆಟ್ಟಿಲುಗಳನ್ನು ಗುಡಿಸಿ ಒರೆಸುತ್ತಾಳೆ. ಒಂದು ದಿನ ಪೊರಕೆಯನ್ನು ಗೋಡೆಗೆ ಆನಿಸಿ, "ಅಕ್ಕೋರೆ, ನಂಗ ನಾಕ್ ಅಕ್ಷರ ಕಲಿಸ್ತೀರೇನ್ರಿ?" ಎಂದು ಕೇಳಿದ್ದಳು. ಯಾಕೆಂದು ವಿಚಾರಿಸಿದರೆ, ಸ್ಟೇಷನ್ನಿನಲ್ಲಿ ಟಿಕೆಟಿನ ಯಂತ್ರ ಬಂದಿದೆ, ಅದರ ಮುಂದೆ ಪಾಳಿಯ ಸಾಲು ಕಡಿಮೆ, ಆದರೆ ಒತ್ತಿಕೊಡಿ ಎಂದು ದಿನಾ ಒಬ್ಬರ ಮುಖ ನೋಡಬೇಕು, ಆ ಮುಖ ನೋಡುವುದು ಬೇಡವಾಗಿದೆ ಎಂದಿದ್ದಳು. ಅಂದಿನಿಂದ ಮೆಟ್ಟಿಲ ಕೆಲಸ ಮುಗಿದ ಮೇಲೆ ವಾರಿಜಾಳ ಹಾಲಿನಲ್ಲಿ, ನೆಲದ ಮೇಲೆ ಕೂರಬೇಡಿ ಎಂದು ಒತ್ತಾಯಿಸಿ ಕುರ್ಚಿಯ ಮೇಲೆ ಕೂರಿಸಿ, ಪಾಠ. ವಾರಿಜಾ ಯಾರನ್ನೂ ಏಕವಚನದಲ್ಲಿ ಕರೆಯುವವಳಲ್ಲ. ಶಾಲೆಯಲ್ಲಿ ಮಕ್ಕಳನ್ನೂ ಬನ್ನಿ, ಕುಳಿತುಕೊಳ್ಳಿ ಎನ್ನುತ್ತಿದ್ದಳು; ಸಹೋದ್ಯೋಗಿಗಳು ಅಡ್ಡಹೆಸರಿಟ್ಟು ನಕ್ಕರೂ ಬಿಡಲಿಲ್ಲ. ಏಕವಚನ ಮನೆಯೊಳಗಿನ ಸಲಿಗೆಗೆ, ತಂಗಿಗೆ, ಮಾನಸಿಗೆ. ಹೊರಗೆ ಅದು ಹೊಡೆತ ಎಂಬುದು ಅವಳ ಸಿದ್ಧಾಂತ. ಚಂದ್ರಬಾಯಿ ಬರೆದದ್ದು ಕೆಟ್ಟರೆ ವಾರಿಜಾಳ ಬೆರಳು ಸ್ಲೇಟಿನ ಮೇಲೆ ಇಳಿಯುತ್ತಿತ್ತು: ಇದು ತಪ್ಪು, ಇನ್ನೊಮ್ಮೆ ಬರೆಯಿರಿ. ಬರೆದದ್ದು ನೆಟ್ಟಗಿದ್ದರೆ ಅವಳು ಮಾತಾಡದೆ ಮುಂದಿನ ಅಕ್ಷರಕ್ಕೆ ಹೋಗುತ್ತಿದ್ದಳು. ಅದು ಅವಳ ಪದ್ಧತಿ. ಚೆನ್ನಾಗಿರುವುದು ಕರ್ತವ್ಯ, ಅದಕ್ಕೆ ಮಾತು ವ್ಯಯಿಸಬಾರದು. ಎಷ್ಟೊಂದು ಮಕ್ಕಳು ತನ್ನ ಮೌನಕ್ಕಾಗಿ ಕಾದು ಕುಳಿತಿರುತ್ತಿದ್ದರು ಎಂದು ಈಗ ಘಣಸೋಲಿಯ ಆಚೆ ಓಡುತ್ತಿರುವ ಕಾರ್ಖಾನೆಗಳ ಗೋಡೆಗಳನ್ನು ನೋಡುತ್ತ ಅವಳಿಗೆ ಹೊಳೆಯಿತು. ಆ ಯೋಚನೆಯನ್ನು ಪಕ್ಕಕ್ಕಿಟ್ಟಳು. ಇವತ್ತು ತಪ್ಪು ಮಾಡಿದವರು ಬೇರೆ.

ಕಳೆದ ವಾರ ಇದೇ ಗಾಡಿಯಲ್ಲಿ ಚಂದ್ರಬಾಯಿಯನ್ನು ಕರೆದುಕೊಂಡು ಹೋಗಿದ್ದಳು. ಅವಳು ಹೊಸ ಇಳಕಲ್ ಸೀರೆ ಉಟ್ಟು, ತಲೆಯ ಮೇಲೆ ಸೆರಗು ಹೊದ್ದು, "ಪಾಸ್ ಆಗ್ತೀನೇನ್ರಿ ಅಕ್ಕೋರೆ?" ಎಂದು ಕೇಳಿದಾಗ ವಾರಿಜಾ ಹೆಮ್ಮೆಯಿಂದ, "ಪರೀಕ್ಷೆ ನಿಮಗಲ್ಲ, ಯಂತ್ರಕ್ಕೆ," ಎಂದಿದ್ದಳು. ಕಾಲೇಜಿನ ಕೋಣೆಯಲ್ಲಿ ಹಲಗೆಯ ಪೆಟ್ಟಿಗೆಯೊಂದನ್ನು ನಿಲ್ಲಿಸಿ ಅದರ ಮುಖಕ್ಕೆ ಗಾಜಿನ ಪರದೆ ಕೂರಿಸಿದ್ದರು. ನಿಜವಾದ ಸ್ಟೇಷನ್ನಿನಂತೆ ಅನಿಸಲೆಂದು ವಿದ್ಯಾರ್ಥಿಗಳೇ ಚಂದ್ರಬಾಯಿಯ ಹಿಂದೆ ಪಾಳಿ ನಿಂತು, ಗಡಿಯಾರ ನೋಡಿಕೊಳ್ಳುತ್ತ, ಗುಜುಗುಜು ಗೊಣಗುತ್ತಿದ್ದರು. ಚಂದ್ರಬಾಯಿ ಠಾಣೆ ಎಂಬ ಅಕ್ಷರಗಳನ್ನು ಹುಡುಕಿ ಬೆರಳಿಟ್ಟಳು. ಪೆಟ್ಟಿಗೆಯೊಳಗಿನಿಂದ ವಾರಿಜಾ ಹೇಳಿದಳು: ತಪ್ಪು. ಗೋಡೆಯ ಬದಿಯಲ್ಲಿ ಕುಳಿತಿದ್ದ ವಾರಿಜಾ ಬೆಚ್ಚಿದಳು. ಅದು ಠಾಣೆಯೇ ಆಗಿತ್ತು. ಅವಳಿಗೆ ಅಲ್ಲಿಂದಲೂ ಕಾಣುತ್ತಿತ್ತು. ಚಂದ್ರಬಾಯಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು. ತಪ್ಪು. ಯಂತ್ರ ಕೆಟ್ಟಿದೆಯೆಂದು ಹೇಳಲು ವಾರಿಜಾ ಎದ್ದು ಪೆಟ್ಟಿಗೆಯ ಹಿಂದಿನ ಕಪ್ಪು ಪರದೆ ಸರಿಸಿದರೆ ಅಲ್ಲಿ ಹಿತೇಶ್ ಕಂಪ್ಯೂಟರಿನ ಮುಂದೆ ಕುಳಿತಿದ್ದ. ಎರಡು ಕೀಲಿಗಳ ಮೇಲೆ ಕಾಗದ ಅಂಟಿಸಿದ್ದ. ಒಂದರ ಮೇಲೆ ಸ, ಇನ್ನೊಂದರ ಮೇಲೆ ತ. ಯಂತ್ರವೆಂಬುದು ಇರಲೇ ಇಲ್ಲ. "ಮೊದಲ ನಾಲ್ಕು ಸಲ ಅವರು ಏನೇ ಒತ್ತಲಿ ನಾನು ತ ಒತ್ತಬೇಕು ಆಂಟಿ, ಆಮೇಲೆ ಸ," ಎಂದು ಅವನು ಹಿಂದಿಯಲ್ಲಿ ಪಿಸುಗುಟ್ಟಿ ನಕ್ಕ. "ಪ್ರಯತ್ನ ಯಾವಾಗ ಬಿಡ್ತಾರೆ, ಅದೇ ನೋಡೋದು. ಅದೇ ಎಕ್ಸ್‌ಪೆರಿಮೆಂಟ್." ಪರದೆಯಾಚೆಯಿಂದ ಮಾನಸಿ ಅವಳತ್ತ ನೋಡಿ ತುಟಿಗೆ ಬೆರಳಿಟ್ಟಳು. ಹೊರಗೆ ಬೆಂಚಿನ ಮೇಲೆ ಕಲ್ಯಾಣದ ಅದೇ ವಸ್ತಿಯ ಭೀಮಮ್ಮ, ಮರಗಮ್ಮ ಕಾದಿದ್ದರು. ಈಗ ಗುಟ್ಟು ಬಿಟ್ಟುಕೊಟ್ಟರೆ ಅವರ ಸರದಿ ಹಾಳಾಗುತ್ತದೆ. ಮತ್ತೆ ತಪ್ಪು. ಮತ್ತೆ ತಪ್ಪು. ವಾರಿಜಾ ಪರದೆಯನ್ನು ಹಿಡಿದು ನಿಂತೇ ಇದ್ದಳು. ಅವಳ ಬಾಯಿ ಮುಚ್ಚಿತ್ತು, ಅವಳ ಧ್ವನಿ ಮಾತಾಡುತ್ತಿತ್ತು. ಯಂತ್ರವೇ ಇಲ್ಲದಿರುವಾಗ ಪರೀಕ್ಷೆ ಯಾರಿಗೆ?

ವಾಪಸು ಬರುವಾಗ ಚಂದ್ರಬಾಯಿ ಕಿಟಕಿಯತ್ತ ಮುಖ ಮಾಡಿ ಕುಳಿತಿದ್ದಳು. ವಾರಿಜಾ ಗುಟ್ಟು ಬಿಟ್ಟುಕೊಡಲಿಲ್ಲ. ಮಾನಸಿ ಬೇಡಿಕೊಂಡಿದ್ದಳು: ಎಲ್ಲರದೂ ಮುಗಿಯುವವರೆಗೆ ಹೇಳಬೇಡಿ ದೊಡ್ಡಮ್ಮ, ಪ್ಲೀಸ್. ಮರುದಿನ ಬೆಳಿಗ್ಗೆ ಮೆಟ್ಟಿಲಿನ ಮೇಲೆ ಪೊರಕೆಯ ಸದ್ದು ಕೇಳಿಸಿತು. ಅದು ಅವಳ ಬಾಗಿಲ ಮುಂದೆ ಬಂದು ಸ್ವಲ್ಪ ನಿಧಾನವಾಯಿತು, ಆಮೇಲೆ ಕೆಳಕ್ಕಿಳಿದು ಹೋಯಿತು. ಕೆಲಸ ಮುಗಿದ ಮೇಲೆ ಬಾಗಿಲು ಬಡಿಯುವ ಕೈ ಬಡಿಯಲಿಲ್ಲ. ಅದರ ಮರುದಿನವೂ ಹಾಗೆಯೇ. ವಾರಿಜಾ ಪ್ರತಿ ಬೆಳಿಗ್ಗೆ ಬಾಗಿಲಿನ ಒಳಗೆ ಚಿಲಕದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಆಚೆ ಪೊರಕೆ, ಈಚೆ ಅವಳು, ನಡುವೆ ಒಂದು ಹಲಗೆ. ತೆಗೆಯಬಹುದಿತ್ತು. ತೆಗೆದರೆ ಏನು ಹೇಳುವುದು? ಸ್ಲೇಟಿನ ಮೇಲೆ ಚಂದ್ರಬಾಯಿ ಕೊನೆಯ ಸಲ ಬರೆದ ಕಲ್ಯಾಣ ಎಂಬ ಪದ, ಲ್ಯದ ಒತ್ತು ಸ್ವಲ್ಪ ಜಾರಿದ್ದು, ಹಾಗೆಯೇ ಉಳಿದಿತ್ತು. ಅದನ್ನು ಒರೆಸಲು ಅವಳಿಗೆ ಕೈ ಬರಲಿಲ್ಲ. ಆ ಹೆಂಗಸು ಇನ್ನು ಯಾವ ಯಂತ್ರವನ್ನೂ ಮುಟ್ಟಲಾರಳು, ಯಾವ ಅಕ್ಷರವನ್ನೂ ನಂಬಲಾರಳು. ಅವಳನ್ನು ಮರಳಿ ಕುರ್ಚಿಯ ಮೇಲೆ ಕೂರಿಸಲಾಗದಿದ್ದರೆ ನಾನು ಪಾಠ ಹೇಳಿದ್ದೆಲ್ಲ ಸುಳ್ಳು ಎನ್ನಿಸಿ ವಾರಿಜಾಗೆ ಊಟ ಸೇರದಾಯಿತು.

ಇವತ್ತು ಹುಡುಗರು ತಮ್ಮ ಪ್ರಯೋಗವನ್ನು ಎಲ್ಲರ ಮುಂದೆ ವಿವರಿಸುವ ದಿನ. ಕಾಲೇಜಿನ ಸಭಾಂಗಣದಲ್ಲಿ ಎ.ಸಿ. ಮೈ ಕೊರೆಯುವಂತಿತ್ತು. ಗೋಡೆಯ ತುಂಬ ಹಳದಿ ಅಂಟುಚೀಟಿಗಳು. ಕಲ್ಯಾಣದ ಹೆಂಗಸರು ಆಡಿದ ಮಾತುಗಳು ಇಂಗ್ಲಿಷಾಗಿ ಅಲ್ಲಿ ಅಂಟಿದ್ದವು. ಧ್ವನಿ ಕೊಟ್ಟವರೆಂದು ವಾರಿಜಾಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಗುಲಾಬಿ ಹೂವೊಂದನ್ನು ಕೊಟ್ಟರು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲೆ ಇಟ್ಟುಕೊಂಡಳು. ಮಾನಸಿ ವೇದಿಕೆಯ ಮೇಲೆ ಬಂದು, ಮನೆಯಲ್ಲಿ ಎಂದೂ ಕಾಣದ ನಿಲುವಿನಲ್ಲಿ, ಇಂಗ್ಲಿಷಿನಲ್ಲಿ ಮಾತಾಡಿದಳು. ಆಮೇಲೆ ದೀಪ ಆರಿಸಿ ಬಿಳಿ ಪರದೆಯ ಮೇಲೆ ಚಂದ್ರಬಾಯಿಯನ್ನು ತೋರಿಸಿದರು. ಅವಳು ಆನೆಯಷ್ಟು ದೊಡ್ಡವಳಾಗಿದ್ದಳು. ಬೆರಳಿನ ಉಗುರಿನೊಳಗಿನ ಫಿನಾಯಿಲಿನ ಬಿಳಿಯೂ ಕಾಣುತ್ತಿತ್ತು. ತಪ್ಪು, ಎಂದಿತು ಸಭಾಂಗಣ. ತಪ್ಪು. ತಪ್ಪು. ತಪ್ಪು. ತನ್ನ ಧ್ವನಿ ಇಷ್ಟು ನಿರ್ದಯವಾಗಿದೆಯೇ? ಪರದೆಯ ಮೇಲೆ ಚಂದ್ರಬಾಯಿ ಸೆರಗು ಸರಿಪಡಿಸಿಕೊಂಡು ಐದನೆಯ ಸಲ ಒತ್ತಿದಳು. ಸರಿ, ಎಂದಿತು ಧ್ವನಿ. ಚಂದ್ರಬಾಯಿ ಕೈ ಹಿಂದಕ್ಕೆ ತೆಗೆದುಕೊಂಡು, ಹಿಂದೆ ನಿಂತವರತ್ತ ಒಮ್ಮೆ ನೋಡಿ, ಗೋಡೆಯ ಕಡೆಗೆ ಹೋಗಿ ನಿಂತಳು. ಮಾನಸಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದಳು. ಇಲ್ಲಿ ನೋಡಿ, ಎಂದಳು. ಟಿಕೆಟು ಇನ್ನೊಂದೇ ಒತ್ತಿನ ದೂರದಲ್ಲಿತ್ತು. ಆಕೆ ಗೆದ್ದಿದ್ದಳು, ಯಂತ್ರ ಹಾಗೆಂದು ಹೇಳಿಯೂ ಹೇಳಿತ್ತು, ಆದರೂ ಬಿಟ್ಟು ಹೋದಳು. ಆಮೇಲೆ ಬಂದ ಇಬ್ಬರು ಹೆಂಗಸರೂ ಹೀಗೆಯೇ. ಸೋಲಿನ ಮೇಲೆ ಸೋಲು ಉಂಡ ಮನಸ್ಸಿಗೆ ಗೆಲುವು ಕೇಳಿಸುವುದೇ ಇಲ್ಲ. ಸಭೆಯಲ್ಲಿ ಮೆಚ್ಚುಗೆಯ ಗುನುಗು ಎದ್ದಿತು. ಮಾರ್ಗದರ್ಶಕಿ ಸೋನಾಲಿ ಮೇಡಂ ತಲೆದೂಗಿದರು. ವಾರಿಜಾ ಎದ್ದು ನಿಂತಳು. ಗುಲಾಬಿ ನೆಲಕ್ಕೆ ಬಿತ್ತು.

ತಿದ್ದಿಟ್ಟುಕೊಂಡಿದ್ದ ವಾಕ್ಯಗಳೆಲ್ಲ ಕನ್ನಡದಲ್ಲಿದ್ದವು. ಇಲ್ಲಿ ಅವುಗಳನ್ನು ಆಡುವುದು ಹಿಂದಿಯಲ್ಲಿ ಎಂಬುದನ್ನು ಅವಳು ಮರೆತಿದ್ದಳು. "ಯೇ ಅನ್ಯಾಯ ಹೈ," ಎಂದಳು. "ಆಪ್ ಲೋಗ್ ಬೋಲಾ, ಮಷೀನ್ ಕಾ ಪರೀಕ್ಷಾ. ಮಷೀನ್ ಥಾ ಹೀ ನಹೀಂ. ಮಷೀನ್ ಝೂಠ್ ಬೋಲಾ. ಮೇರಾ ಆವಾಜ್ ಮೇ ಬೋಲಾ."

"ಬೋಲೀ," ಎಂದು ಹಿಂದಿನ ಸಾಲಿನಿಂದ ಯಾರೋ ಅವಳ ಹಿಂದಿಯನ್ನು ಮೆಲ್ಲಗೆ ತಿದ್ದಿದರು. ಒಬ್ಬಿಬ್ಬರು ನಕ್ಕರು. ವಾರಿಜಾಳ ಕಿವಿ ಕಾದಿತು. ತನ್ನ ತರಗತಿಯಲ್ಲಿ ಹೀಗೆ ಎದ್ದು ನಿಂತು ಅರ್ಧಕ್ಕೇ ನುಂಗಿಕೊಂಡ ಮಾತುಗಳು ಎಷ್ಟಿದ್ದವೋ. ಆದರೂ ಅವಳು ಕೂರಲಿಲ್ಲ. ಸೋನಾಲಿ ಮೇಡಂ ಹುಡುಗರನ್ನು ಕಣ್ಣಿನಲ್ಲೇ ಗದರಿಸಿ, ಸಣ್ಣ ಮಗುವಿಗೆ ಹೇಳುವಷ್ಟು ನಿಧಾನವಾಗಿ ಹಿಂದಿಯಲ್ಲಿ ಹೇಳಿದರು: ಇಂಥ ಪ್ರಯೋಗಗಳಲ್ಲಿ ಕೆಲಹೊತ್ತು ನಿಜ ಮುಚ್ಚಿಡಬೇಕಾಗುತ್ತದೆ ಟೀಚರ್, ಇಲ್ಲದಿದ್ದರೆ ಮನಸ್ಸು ತನ್ನ ಸಹಜ ರೀತಿ ತೋರಿಸುವುದಿಲ್ಲ, ಮುಗಿದ ಕೂಡಲೇ ಎಲ್ಲವನ್ನೂ ಬಿಡಿಸಿ ಹೇಳಿ ಕಳಿಸುತ್ತೇವೆ, ಅದು ನಿಯಮ. ಆಮೇಲೆ ಮಾನಸಿಯತ್ತ ತಿರುಗಿ, "ಬತಾಯಾ ಥಾ ನಾ?" ಎಂದರು. ಮಾನಸಿ ನೆಲ ನೋಡಿದಳು. ಬಾಕಿ ಹೆಂಗಸರದು ಮುಗಿಯಬೇಕಿತ್ತು, ಆಮೇಲೆ ಈ ದಿನದ ತಯಾರಿ, ಮರೆತೆವು, ಎಂದಳು. ಮೇಡಮ್ಮಿನ ಮುಖ ಬಿಗಿಯಿತು. ಇವತ್ತೇ ಹೋಗಿ ಹೇಳದಿದ್ದರೆ ಈ ಪ್ರಾಜೆಕ್ಟನ್ನು ತಾನು ನೋಡುವುದಿಲ್ಲ ಎಂದರು. ವಾರಿಜಾ ಕುಳಿತಳು. ಗೆದ್ದಿದ್ದಳು. ಬಾಗಿ ಗುಲಾಬಿಯನ್ನು ಎತ್ತಿಕೊಂಡಳು. ಸತ್ಯ ಹೇಳಿದವಳಿಗೆ ಇರಬೇಕಾದ ನೆಮ್ಮದಿ ಎದೆಯಲ್ಲಿ ಎಲ್ಲೋ ಇದೆಯೆಂದು ಹುಡುಕಿದಳು.

ಮಾನಸಿ ಅವಳ ಜೊತೆ ಠಾಣೆಗೆ ಬಂದು ಕಲ್ಯಾಣದ ಗಾಡಿ ಹತ್ತಿದಳು. ಮುಂಬ್ರಾದ ಗುಡ್ಡ ಕಿಟಕಿಯಲ್ಲಿ ಹಾದುಹೋಗುವಾಗ, "ನನಗೆ ಮನೆಯಲ್ಲೇ ಹೇಳಬಹುದಿತ್ತು ದೊಡ್ಡಮ್ಮ. ಸಬ್ ಕೇ ಸಾಮ್ನೇ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಕಣ್ಣಿನ ಕಾಡಿಗೆ ಹರಡಿತ್ತು. ಎಲ್ಲರ ಎದುರು ತಪ್ಪಾದದ್ದನ್ನು ಎಲ್ಲರ ಎದುರೇ ತಿದ್ದಬೇಕು, ಎಂಬ ಮಾತು ವಾರಿಜಾಳ ನಾಲಗೆಯ ತುದಿಗೆ ಬಂತು. ಆದರೆ ಒಂದು ವಾರ ಬಾಗಿಲ ಹಿಂದೆ ನಿಂತಿದ್ದ ಹೆಂಗಸು ಆ ವಾಕ್ಯ ಆಡಬಹುದೇ ಎಂದು ಸಂಶಯವಾಯಿತು. ಸತ್ಯ ಹೇಳುವುದಕ್ಕೂ ತನಗೆ ಸಭೆ ಬೇಕಿತ್ತೇನೋ. ಮಾನಸಿಯ ಕೈಯನ್ನು ಹಿಡಿದುಕೊಳ್ಳಬೇಕೆನ್ನಿಸಿತು. ಹಿಡಿಯುವಷ್ಟರಲ್ಲಿ ಡೊಂಬಿವಿಲಿಯ ಜನ ನುಗ್ಗಿ ಇಬ್ಬರ ನಡುವೆ ನಿಂತರು.

ಚಂದ್ರಬಾಯಿಯ ಖೋಲಿ ಕಲ್ಯಾಣದ ಮಾರ್ಕೆಟ್ಟಿನ ಹಿಂದೆ, ತಗಡಿನ ಮಾಡಿನ ಸಾಲಿನಲ್ಲಿ, ಒಬ್ಬರು ನಿಂತರೆ ಇನ್ನೊಬ್ಬರು ಹಾಯಲಾಗದ ಓಣಿಯೊಳಗೆ ಇತ್ತು. ಇಷ್ಟು ತಿಂಗಳು ಪಾಠ ಹೇಳಿದರೂ ವಾರಿಜಾ ಇಲ್ಲಿಗೆ ಬಂದಿರಲಿಲ್ಲ. ಹೊಸ್ತಿಲ ಒಳಗೆ ಕುಳಿತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದ ಚಂದ್ರಬಾಯಿ ತಲೆಯೆತ್ತಿ ನೋಡಿ, ಮೊರ ಬದಿಗಿಟ್ಟು ಎದ್ದಳು.

"ಅಯ್ಯ, ಅಕ್ಕೋರೆ. ನೀವ್ಯಾಕ ಇಷ್ಟು ದೂರ ಬರಾಕ ಹೋದ್ರಿ? ಹೇಳಿ ಕಳಿಸಿದ್ರ ನಾನೇ ಬರ್ತಿದ್ನೆಲ್ಲ."

"ಹೇಳಿ ಕಳಿಸುವುದು ಹೇಗೆ ಚಂದ್ರಬಾಯಿ? ದಿನಾ ನನ್ನ ಬಾಗಿಲ ಮುಂದೆಯೇ ಗುಡಿಸಿ ಹೋಗುತ್ತೀರಿ. ಬಾಗಿಲು ಬಡಿಯುವುದಿಲ್ಲ."

ಚಂದ್ರಬಾಯಿ ಸ್ಟೀಲಿನ ಚೊಂಬನ್ನು ಸೆರಗಿನಿಂದ ಒರೆಸಿ ನೀರು ಕೊಟ್ಟಳು. ಮಂಚದ ಮೇಲೆ ಮಡಿಸಿಟ್ಟಿದ್ದ ಕೌದಿಯನ್ನು ಹಾಸಿ ಇಬ್ಬರನ್ನೂ ಕೂರಿಸಿ ತಾನು ನೆಲದ ಮೇಲೆ ಕುಳಿತಳು. ಕುರ್ಚಿಯ ಮೇಲೆ ಕೂರಿ ಎನ್ನಲು ಇಲ್ಲಿ ಕುರ್ಚಿಯಿರಲಿಲ್ಲ. ವಾರಿಜಾ ಹೇಳತೊಡಗಿದಳು. ಪರದೆ, ಹಿತೇಶ್, ಎರಡು ಕೀಲಿ. ಮೊದಲ ಸಲವೇ ನೀವು ಒತ್ತಿದ್ದು ಠಾಣೆಯೇ ಆಗಿತ್ತು, ಬೇಕೆಂದೇ ನಿಮಗೆ ಸುಳ್ಳು ಹೇಳಿದರು, ನಾನು ನೋಡಿಯೂ ಬಾಯಿ ಬಿಡಲಿಲ್ಲ. ಮಾನಸಿ ಎದ್ದು ಬಂದು ಚಂದ್ರಬಾಯಿಯ ಪಕ್ಕ ನೆಲದ ಮೇಲೆ ಕುಳಿತು, "ಸಾರಿ ಆಂಟಿ. ಆಪ್ ಪಹಲೇ ಸೇ ಬರೋಬರ್ ಥೇ. ಎಲ್ಲಾ ಸಲ ಬರೋಬರ್," ಎಂದಳು.

ಚಂದ್ರಬಾಯಿಯ ಮುಖ ಅರಳಿತು. "ಬರೋಬರಿ ಒತ್ತಿದ್ನೇನವ್ವ ನಾ?"

"ಏಕದಮ್ ಬರೋಬರ್."

"ನೋಡ್ರಿ ಮತ್ತ. ಠ ಅಂದ್ರ ನಡುವ ಬೊಟ್ಟು ಇರ್ತದ ಅಂತ ನೀವೇ ಹೇಳಿದ್ರಿ. ಬೊಟ್ಟು ನೋಡಿ ಒತ್ತಿದ್ದೆ." ಅವಳು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕಳು. "ಆ ಪರದಾದ ಹಿಂದ ಕುಂತಿದ್ದ ಹುಡುಗ ಭಾಳ ಖೋಡಿ ಇದ್ದಾನ ಹಂಗಂದ್ರ."

"ನಿಮಗೆ ಸಿಟ್ಟು ಬರಲಿಲ್ಲವೇ?" ಎಂದಳು ವಾರಿಜಾ. ಇಷ್ಟು ದಿನ ತಾನು ಹೊತ್ತದ್ದನ್ನು ಈ ಹೆಂಗಸು ಹೀಗೆ ಜೋಳದ ಹೊಟ್ಟಿನಂತೆ ಊದಿಬಿಟ್ಟದ್ದು ಅವಳಿಗೆ ಹಿಡಿಸಲಿಲ್ಲ. "ಎಲ್ಲರ ಮುಂದೆ, ಅಷ್ಟು ಸಲ, ತಪ್ಪು ತಪ್ಪು ಎಂದು."

"ಅದ್ಕೇನಾತ್ರಿ. ಮುಕಾದಮ ಅಂತಾನ, ಟಿಸಿ ಅಂತಾನ, ನಿಮ್ಮ ಸೊಸೈಟಿ ಸೆಕ್ರೆಟರಿ ಅಂತಾನ. ನೀವೂ ಸ್ಲೇಟ್ ಮ್ಯಾಲೆ ದಿನಾ ಅಂತಿದ್ರಿ. ತಪ್ಪು ಅಂದ್ರ ಮತ್ತ ಮಾಡಬೇಕು, ಅಷ್ಟ ಅಲ್ರಿ? ನಾ ಮಾಡ್ಲಾಕತ್ತಿದ್ದೆ."

"ಹಾಗಿದ್ದರೆ ಪಾಠಕ್ಕೆ ಯಾಕೆ ಬರಲಿಲ್ಲ?"

ಚಂದ್ರಬಾಯಿ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು. ಒಂದು ಹರಳನ್ನು ಆರಿಸಿ ತೆಗೆದಳು. "ಬಿಡ್ರಿ ಅಕ್ಕೋರೆ."

"ಹೇಳಿ."

"ಮತ್ತ ನೀವೇ ಸರಿ ಅಂದ್ರೆಲ್ಲರಿ."

"ಹೌದು, ಅಂದೆ. ಕೊನೆಗೆ ಒಂದು ಸಲವಾದರೂ ಅದು ನಿಜ ಹೇಳಿತು."

"ಹ್ಞಾಂ ಮತ್ತ. ಸರಿ ಅಂದ್ರಿ, ಸರದೆ."

ವಾರಿಜಾಗೆ ಅರ್ಥವಾಗಲಿಲ್ಲ. ಚಂದ್ರಬಾಯಿ ಜೋಳದೊಳಗೆ ಬೆರಳಾಡಿಸುತ್ತಲೇ ಹೇಳಿದಳು: "ಹಿಂದ ಪಾಳಿ ನಿಂತಿತ್ತು. ಮಂದಿ ಗುಜುಗುಜು ಅನ್ಲಾಕತ್ತಿದ್ರು. ನನ್ನಿಂದ ಎಲ್ಲಾರ್ಗೂ ತಡ ಆಗ್ಲಾಕತ್ತದ ಅಂತ ಗೊತ್ತಿತ್ರಿ. ಸರಿ ಅಂದ್ರಿ. ಬಾಜೂಕ ಸರದು ನಿಂತೆ. ಅದು ದೊಡ್ಡ ಮಾತೇನಲ್ರಿ. ಸ್ಟೇಷನ್ನಿನಾಗ ದಿನಾ ಎಲ್ಲಾರೂ ಅಂತಾರ. ಸರಕ್, ಬಾಜೂ ಹೋ, ಅಂತಾರ. ಖರೆ ನೀವು..." ಅವಳು ಇನ್ನೊಂದು ಹರಳನ್ನು ಆರಿಸಿ ತೆಗೆದಳು. "ನೀವು ಎಂದೂ ನಂಗ ಬಾ ಅಂದಿದ್ದಿಲ್ರಿ. ಬನ್ನಿ ಅಂತಿದ್ರಿ. ನಂ ಓಣ್ಯಾಗ ಎಲ್ಲಾರ್ಗೂ ಹೇಳಿದ್ದೆ, ನಮ್ಮ ಅಕ್ಕೋರು ನಂಗ ಬನ್ನಿ ಅಂತಾರ ಅಂತ. ಭೀಮವ್ವ, ಮರಗವ್ವ ಹೊರಗ ಬೆಂಚಿನ ಮ್ಯಾಲೆ ಕುಂತು ಕೇಳ್ಲಾಕತ್ತಿದ್ರು. ಸರೀರಿ ಅಂದಿದ್ರ ನಂಗೇನೂ ಅನಸ್ತಿದ್ದಿಲ್ಲ."

"ಅದು ಯಂತ್ರ..." ಎಂದಳು ವಾರಿಜಾ.

"ತುಂಬಿಟ್ಟ ಆವಾಜ ಅಂತ ಗೊತ್ತದರಿ. ಫೋನಿನ್ಯಾಗ ಬರಲ್ಲೇನು. ಖರೆ ತುಂಬಿದವರು ನೀವೇ ಅಲ್ರಿ."

ನಾನಾರ್ಥ ಪದಗಳ ಪಾಠದಲ್ಲಿ ವಾರಿಜಾ ಆ ಪದವನ್ನು ಎಷ್ಟು ತರಗತಿಗಳಿಗೆ ಬರೆಯಿಸಿದ್ದಳು. ಸರಿ: ಯೋಗ್ಯ, ಒಪ್ಪುವಂಥದು. ಸರಿ: ಜರುಗು, ಆಚೆ ಹೋಗು. ಎರಡಕ್ಕೂ ಒಂದೊಂದು ವಾಕ್ಯ ಮಾಡಿಸಿ ಅಂಕ ಕೊಟ್ಟಿದ್ದಳು. ಕಿಟಕಿ ಮುಚ್ಚಿ, ಫ್ಯಾನು ಆರಿಸಿ, ರಿ ಎಂಬುದನ್ನು ಎಳೆಯದೆ, ಒಂದೇ ಪದ ಸಾಕು ಎಂದು, ತನ್ನ ಬಾಯಲ್ಲಿ ಬೇರೆಯದು ಬರುವುದಿಲ್ಲ ಎಂದು ಅವಳು ಹೆಮ್ಮೆಯಿಂದ ತುಂಬಿಟ್ಟು ಬಂದಿದ್ದಳು. ತಪ್ಪು ಎಂಬ ಸುಳ್ಳನ್ನು ನಾಲ್ಕು ಸಲ ಕೇಳಿಯೂ ಆ ಹೆಂಗಸು ಕದಲಿರಲಿಲ್ಲ. ಅವಳನ್ನು ಗೋಡೆಗೆ ನೂಕಿದ್ದು ಆ ಇಡೀ ಪ್ರಯೋಗದಲ್ಲಿದ್ದ ಒಂದೇ ಒಂದು ನಿಜ. ಸಭೆಯಲ್ಲಿ ಎದ್ದು ನಿಂತು ತಾನು ಅನ್ಯಾಯ ಎಂದು ಕೂಗಿದಾಗ ಬಿಳಿ ಪರದೆಯ ಮೇಲೆ ಆನೆಯಷ್ಟು ದೊಡ್ಡದಾಗಿ ಅದು ನಡೆದುಹೋಗಿತ್ತು, ಅವಳು ನೋಡಿರಲಿಲ್ಲ.

"ಸರಿ ಅಂದರೆ ಹಾಗಲ್ಲ ಚಂದ್ರಬಾಯಿ. ಸರಿ ಅಂದರೆ... ಸರಿ ಅಂದರೆ..." ಜೀವಮಾನವೆಲ್ಲ ಪದಗಳಿಗೆ ಅರ್ಥ ಹೇಳಿದವಳಿಗೆ ಆ ಪದದ ಅರ್ಥಕ್ಕೆ ಆ ಪದವೇ ಎದುರಾಗುತ್ತಿತ್ತು.

"ಬರೋಬರ್," ಎಂದಳು ಮಾನಸಿ ಸಣ್ಣ ದನಿಯಲ್ಲಿ. ಅವಳ ಮುಖ ಬಿಳುಚಿತ್ತು. ಸೋಲು ಉಂಡ ಮನಸ್ಸಿಗೆ ಗೆಲುವು ಕೇಳಿಸುವುದಿಲ್ಲ ಎಂಬ ತನ್ನ ವಾಕ್ಯ ಅವಳ ಕಣ್ಣೆದುರೇ ಕುಸಿದಿತ್ತು. "ಅವರು ಛೋಡ್ ಕೇ ಹೋಗಿದ್ದಲ್ಲ ದೊಡ್ಡಮ್ಮ. ಹೇಳಿದ್ದನ್ನ ಕೇಳಿದ್ದು. ಮೇಡಮ್‌ಗೆ ನಾನೇ ಹೇಳ್ತೇನೆ."

ಚಂದ್ರಬಾಯಿ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದಳು. ಆಮೇಲೆ ಅವಳಿಗೆ ಹೊಳೆಯಿತು. "ಅಂದ್ರ ಅದು ಶಾಬಾಸ್ ಅಂದಂಗೇನ್ರಿ?" ನಕ್ಕಳು, ಈ ಸಲ ಸೆರಗಿಲ್ಲದೆ. "ಅಯ್ಯ ಅಕ್ಕೋರೆ, ಹಂಗಿದ್ರ ನಮ್ಮ ಕನ್ನಡದಾಗ ಬರೋಬರಿ ಅನ್ನಬೇಕಿಲ್ರಿ ಮತ್ತ."

ವಾರಿಜಾಳೂ ನಗಲು ನೋಡಿದಳು. ಚಹಾ ಬಂತು, ಸಕ್ಕರೆ ಹೆಚ್ಚಾದ ಚಹಾ. ಭೀಮಮ್ಮ, ಮರಗಮ್ಮರಿಗೂ ಹೇಳಿ ಬರುತ್ತೇನೆಂದು ಮಾನಸಿ ಓಣಿಗೆ ಇಳಿದಳು. ವಾರಿಜಾ ಚೀಲವನ್ನು ಹೆಗಲಿಗೆ ಹಾಕಿಕೊಂಡು ಎದ್ದಳು. ಚೀಲದ ಬಾಯಿಯಲ್ಲಿ ಗುಲಾಬಿ ಬಾಡಿತ್ತು. ಅದನ್ನು ಕೊಡುವುದು ಬೇಡವೆನ್ನಿಸಿತು. ಚಂದ್ರಬಾಯಿ ಬೀಳ್ಕೊಡಲೆಂದು ಮೊದಲೇ ಹೋಗಿ ತನ್ನ ಸಣ್ಣ ಬಾಗಿಲಿನ ತುಂಬ ನಿಂತಿದ್ದಳು. ಓಣಿಯ ಬೆಳಕು ಅವಳ ಹಿಂದಿನಿಂದ ಬರುತ್ತಿದ್ದುದರಿಂದ ಮುಖ ಕಾಣುತ್ತಿರಲಿಲ್ಲ.

"ಸ್ಲೇಟ್ ಒರೆಸಿಲ್ಲಲ್ರಿ? ಸೋಮಾರ ಬರ್ತೀನ್ರಿ ಅಕ್ಕೋರೆ."

ವಾರಿಜಾಳ ಎದೆಯಲ್ಲಿ ಒಂದು ವಾರದಿಂದ ಬಿಗಿದಿದ್ದದ್ದು ಸಡಿಲಾಯಿತು. ಸಡಿಲಾದ ಆ ಒಂದು ಕ್ಷಣದಲ್ಲಿ, ಅವಳು ತಡೆಯುವ ಮೊದಲೇ, ಹುಟ್ಟಿದಂದಿನಿಂದ ನಾಲಗೆಗೆ ಅಂಟಿದ್ದ ಪದ ತಾನಾಗಿ ಹೊರಬಿತ್ತು.

"ಸರಿ," ಎಂದಳು.

ಚಂದ್ರಬಾಯಿ ಬಾಗಿಲಿನಿಂದ ಸರಿದು, ಗೋಡೆಗೆ ಒತ್ತಿ ನಿಂತಳು. ದಾರಿ ಬಿಡಲೆಂದೇ ಇರಬೇಕು, ಅತಿಥಿ ಹೊರಟಾಗ ಯಾರಾದರೂ ಹಾಗೆ ನಿಲ್ಲುತ್ತಾರೆ. ಬಾಗಿಲು ಪೂರ್ತಿ ತೆರವಾಗಿತ್ತು. ವಾರಿಜಾ ಅದರ ಮುಂದೆ ನಿಂತೇ ಇದ್ದಳು.